ಕೌದಿಗೆ ಹೊಸ ಬಟ್ಟೆ

ಕೌದಿ ಹೊಲಿಯೋಕೆ ಯಾರಾದ್ರೂ ಹೊಸ ಬಟ್ಟೆ ಕೊಂಡಿದ್ದು ಕೇಳಿದ್ದೀರಾ? ನಾನು ಕೊಂಡೆ. ನಾವಿರೋದು ಮಲೇಷ್ಯಾದ ನಿಲಾಯ್‌ನಲ್ಲಿ. ಇಲ್ಲಿನ ‘ನಿಲಾಯ್ 3’ ಸಗಟು ಮಾರುಕಟ್ಟೆಗೆ ಹೋದರೆ ಪರದೆ, ರತ್ನಗಂಬಳಿ, ಥಾನುಗಟ್ಟಲೆ ಬಟ್ಟೆ. ಬರಿಗೈಲಿ ಬರೋದು ಕಷ್ಟ. ಬಣ್ಣ ಹೊಂದಿಸಿ ಆರು ಮೀಟರ್ ತಂದೆ. ಪರಿಸರಸ್ನೇಹಿ ಕಲೆ ಅಂತ ಗೆಳತಿಯರಿಗೆ ಹೇಳಿಕೊಂಡಿದ್ದೂ ಆಯ್ತು. (ವರ್ಷವಿಡೀ ಸೆಕೆಯಿರೋ ಊರಲ್ಲಿ ಕೌದಿ ಯಾಕೆ ಅಂತೀರಾ? ಏಸಿ ಹಾಕಿಕೊಂಡು ಹೊದೆಯೋಕೆ! ಆ ಲೆಕ್ಕ ಇನ್ನೊಂದು ದಿನ ಮಾಡೋಣ.)

ಧಾರವಾಡದ ದೊಡ್ಡವ್ವ ಫೋನಲ್ಲಿ ನಕ್ಕರು. “ಕೌದಿಗೆ ಹೊಸ ಅರಿವಿ ತಂದಿಯೇನ? ನಿಮ್ಮವ್ವನ ಸೀರಿ ಏನ್ ಮಾಡೀದಿ?”

ಅವ್ವನ ಸೀರೆಗಳು ನಾಲ್ಕು ವರ್ಷದಿಂದ ಸೂಟ್‌ಕೇಸಿನಲ್ಲಿವೆ. ಉಡೋಕಾಗಲ್ಲ, ಕೊಡೋಕಾಗಲ್ಲ. ಕತ್ತರಿ ಹಾಕೋದಂತೂ ದೂರದ ಮಾತು.

ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯೋದನ್ನ ನೋಡಿದ್ದೀರಾ? ಅಂಚಿನಿಂದ ಶುರುಮಾಡಿ, ಸುತ್ತುತ್ತಾ ನಡುವಿನತ್ತ ಬರುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲ. ಸವೆದ ಸೀರೆ, ಅಂಗಿಗಳಲ್ಲಿ ಕೈಗೆ ಸಿಕ್ಕ ತುಂಡು ನೋಡಿ ಮುಂದಿನ ಬಣ್ಣ. ಕೊನೆಗೆ ಮೂಲೆಗಳಿಗೆ ‘ಫುಲ’ ಅನ್ನೋ ಮಡಚಿದ ತುಂಡುಗಳು. ಅವಿಲ್ಲದ ಕೌದಿ ಬೆತ್ತಲೆ ಅಂತಾರೆ ಅವರು. ನಾನು ಮಾಡಿದ್ದು ತಿರುಗಾಮುರುಗಾ: ಮೊದಲು ಚಿತ್ರ ಕಲ್ಪಿಸಿಕೊಂಡು, ಆಮೇಲೆ ಅದಕ್ಕೆ ಬಟ್ಟೆ ಹುಡುಕಿದೆ.

ಕಳೆದ ಶನಿವಾರ ಸೂಟ್‌ಕೇಸ್ ತೆಗೆದೆ. ಹಸಿರು ಇಳಕಲ್ ಸೀರೆಯ ಸೆರಗಿನ ಹತ್ತಿರ ಅರಿಶಿನದ ಕಲೆ. ಅಷ್ಟು ಬಿಟ್ಟು ಕತ್ತರಿಸೋಣ ಅಂತ ಗುರುತು ಹಾಕಿದೆ. ಆಮೇಲೆ ಅದನ್ನೇ ಮೊದಲು ಕತ್ತರಿಸಿ ಮಡಚಿಟ್ಟೆ, ಮೂಲೆಗೆ.

ಆ ಆರು ಮೀಟರ್ ಹಾಗೇ ಇದೆ. ಯಾರಿಗಾದ್ರೂ ಪರದೆಗೆ ಬಟ್ಟೆ ಬೇಕಿದ್ರೆ ಹೇಳಿ.