ಕೈಯೆತ್ತಿ ನೋಡಿದ ಹುಡುಗಿ

ಕೆಲ್ಲಿ ಎಂಬ ಅಮೆರಿಕದ ಮಗುವಿಗೆ ಆಗ ಸುಮಾರು ಮೂರು ವರ್ಷ. ನೋಟವೆಂದರೇನು ಎಂಬುದರ ನೆನಪೂ ಇಲ್ಲದ ಹುಡುಗಿ. ಆದರೂ ಮನೆಮಂದಿಯ ಮಾತು ಕೇಳುತ್ತ ಕೇಳುತ್ತ 'ಲುಕ್', 'ಸೀ' ಎಂಬ ಎರಡು ಇಂಗ್ಲಿಷ್ ಕ್ರಿಯಾಪದಗಳು ಅವಳ ನಾಲಿಗೆಗೂ ಬಂದಿದ್ದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಬಾರ್ಬರಾ ಲ್ಯಾಂಡೌ ಮತ್ತು ಲೈಲಾ ಗ್ಲೈಟ್‌ಮನ್ ಅವಳ ಜೊತೆ ಆಡುತ್ತಾ ಒಂದು ಪರೀಕ್ಷೆ ಮಾಡಿದರು. 'ಲುಕ್ ಅಪ್' ಎಂದರು. ಕೆಲ್ಲಿ ಮುಖ ಎತ್ತಲಿಲ್ಲ. ಕೈ ಎತ್ತಿದಳು.

ಅದೇ ವಯಸ್ಸಿನ, ದೃಷ್ಟಿಯಿರುವ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಅದೇ ಮಾತು ಹೇಳಿದಾಗ ಅವರು ಕಟ್ಟಿದ ಕಣ್ಣಿನಲ್ಲೇ ಮುಖವನ್ನು ಸೂರಿನತ್ತ ತಿರುಗಿಸಿದರು. ಏನೂ ಕಾಣದಿದ್ದರೂ ಕಣ್ಣು ತನ್ನ ಕೆಲಸಕ್ಕೆ ಹೊರಟಿತು. ಕೆಲ್ಲಿಯ ಪಾಲಿಗೆ ಆ ಕೆಲಸ ಅಂಗೈಯದು.

ಕೆಲ್ಲಿ 'ಲುಕ್' ಅಂದರೆ 'ಮುಟ್ಟು' ಎಂದು ತಿಳಿದಿದ್ದಾಳೆ, ಅಷ್ಟೇ ಎಂದುಕೊಂಡು ಇಲ್ಲಿಗೇ ನಿಲ್ಲಿಸಬಹುದಿತ್ತು. ಆ ಇಬ್ಬರು ನಿಲ್ಲಿಸಲಿಲ್ಲ. ಮೇಜನ್ನು ಮುಟ್ಟಬಹುದು, ಆದರೆ ನೋಡಬೇಡ ಎಂದರು. ಹುಡುಗಿ ಮೇಜಿನ ಮೇಲೆ ಒಮ್ಮೆ ತಟ್ಟಿ ಸುಮ್ಮನಾದಳು. ಈಗ ನೋಡಬಹುದು ಎಂದಾಗ ಮೇಲ್ಮೈ, ಅಂಚು, ಬದಿ ಎಲ್ಲವನ್ನೂ ಕೈಯಾಡಿಸುತ್ತ ಪರೀಕ್ಷಿಸಿದಳು. ಮುಟ್ಟುವುದು ಬೇರೆ, ನೋಡುವುದು ಬೇರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವಸ್ತುವನ್ನು ಅರಿಯಲೆಂದೇ ಅದರ ಬಳಿ ಹೋಗುವುದು ನೋಡುವುದು. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಬೇರೆಯವರು ನೋಡುವ ರೀತಿ ತನ್ನದಲ್ಲ ಎಂಬುದೂ ಅವಳಿಗೆ ತಿಳಿದಿತ್ತು. ಅಮ್ಮನಿಗೆ ನಿನ್ನ ಚಡ್ಡಿಯ ಹಿಂಭಾಗ ತೋರಿಸು ಎಂದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಅಮ್ಮ ದೂರದಿಂದಲೇ ನೋಡಬಲ್ಲಳು, ಎದುರಿಗೆ ಅಡ್ಡವಿರಬಾರದು, ಅಷ್ಟೇ. ಈ ತಿಳಿವನ್ನು ಅವಳಿಗೆ ಯಾರೂ ಕೂರಿಸಿ ಪಾಠ ಮಾಡಿರಲಿಲ್ಲ. ದಿನದಿನದ ಮಾತಿನ ನಡುವೆ ತಾನೇ ಹೆಕ್ಕಿಕೊಂಡದ್ದು. ಲ್ಯಾಂಡೌ ಮತ್ತು ಗ್ಲೈಟ್‌ಮನ್ ಇದನ್ನೆಲ್ಲ ಪುಸ್ತಕವಾಗಿಸಿದ್ದು 1985ರಲ್ಲಿ. ಮಗುವಿನ ಬುದ್ಧಿಯ ಬಗ್ಗೆ ನಾನು ಓದಿದ ಬರಹಗಳಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಕಡಿಮೆ.

ಈ ಸಂತೋಷಕ್ಕೆ ಹಿಂದಿನ ಒಂದು ಕಥೆಯೂ ಕಾರಣ. ಕಣ್ಣಿಲ್ಲದವರ ಬಾಯಲ್ಲಿ ನೋಟದ ಮಾತು ಟೊಳ್ಳು ಎಂದು ದೊಡ್ಡ ದೊಡ್ಡವರೇ ನಂಬಿದ್ದರು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ತನ್ನ ಗ್ರಂಥದಲ್ಲಿ ಒಬ್ಬ ಕುರುಡನ ಪ್ರಸ್ತಾಪ ಮಾಡುತ್ತಾನೆ. ಕಡುಗೆಂಪು ಎಂದರೇನೆಂದು ಕೊನೆಗೂ ಅರ್ಥವಾಯಿತು, ಅದು ತುತ್ತೂರಿಯ ಧ್ವನಿಯಂಥದ್ದು ಎಂದನಂತೆ ಅವನು. ಅನುಭವವಿಲ್ಲದ ಕಡೆ ಶಬ್ದ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಲಾಕ್ ಅದನ್ನು ಉದಾಹರಣೆ ಮಾಡಿಕೊಂಡ. ಬಣ್ಣದ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿದೆ. ಆದರೆ ಕೆಲ್ಲಿ ಬಣ್ಣದ ವಿಷಯದಲ್ಲೂ ಬರಿಗೈಯಲ್ಲಿ ಇರಲಿಲ್ಲ. ವಸ್ತುಗಳಿಗೆ ಬಣ್ಣವಿರುತ್ತದೆ, ಮನಸ್ಸಿನ ಆಲೋಚನೆಗೆ ಇರುವುದಿಲ್ಲ, ಬಣ್ಣ ತಿಳಿಯಬೇಕಾದರೆ ಕಣ್ಣಿರುವವರನ್ನು ಕೇಳಬೇಕು ಎಂಬಷ್ಟನ್ನು ಎಳೆವಯಸ್ಸಿನಲ್ಲೇ ತಿಳಿದುಕೊಂಡಿದ್ದಳು.

ಲಾಕ್‌ಗೆ ಡಬ್ಲಿನ್‌ನ ಗೆಳೆಯನೊಬ್ಬನಿದ್ದ, ವಿಲಿಯಂ ಮಾಲಿನೂ. ಅವನ ಹೆಂಡತಿ ಮದುವೆಯಾದ ಸ್ವಲ್ಪ ಕಾಲದಲ್ಲೇ ದೃಷ್ಟಿ ಕಳೆದುಕೊಂಡಿದ್ದಳು. ಮುಟ್ಟಿ ಗುರುತಿಸಿದ ಘನವನ್ನೂ ಗೋಳವನ್ನೂ, ಹುಟ್ಟುಕುರುಡನಿಗೆ ದೃಷ್ಟಿ ಬಂದೊಡನೆ ಬರಿಗಣ್ಣಿನಿಂದ ಗುರುತಿಸಲಾದೀತೇ ಎಂದು 1688ರಲ್ಲಿ ಅವನು ಕೇಳಿದ ಪ್ರಶ್ನೆ ತತ್ತ್ವಶಾಸ್ತ್ರದಲ್ಲಿ ಅವನ ಹೆಸರಿನಿಂದಲೇ ಉಳಿದಿದೆ. ಅದಕ್ಕೆ ಗಟ್ಟಿ ಪುರಾವೆಯ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ. ವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಐವರು ಮಕ್ಕಳನ್ನು ಪರೀಕ್ಷಿಸಿತು. ಕೈಗೆ ಗೊತ್ತಿದ್ದ ಆಕಾರವನ್ನು ಕಣ್ಣು ಕೂಡಲೇ ಗುರುತಿಸಲಿಲ್ಲ. ಕೆಲವು ದಿನ ಹೋದ ಮೇಲೆ ಗುರುತಿಸತೊಡಗಿತು. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕೈಯ ಅರಿವು, ಕಣ್ಣಿನ ಅರಿವು ಹುಟ್ಟಿನಿಂದ ಒಂದೇ ಅಲ್ಲ, ಆದರೆ ಬೇಗನೆ ನೆಂಟಸ್ತಿಕೆ ಬೆಳೆಸಬಲ್ಲವು.

ಮತ್ತೆ ಮಾತಿನ ವಿಷಯಕ್ಕೆ ಬಂದರೆ, ನನ್ನನ್ನು ಕಾಡುವವನು ಥಾಮಸ್ ಕಟ್ಸ್‌ಫರ್ತ್. ತಾನೇ ಕುರುಡನಾಗಿದ್ದ ಈ ಅಮೆರಿಕನ್ ಮನಶ್ಶಾಸ್ತ್ರಜ್ಞ, ಅಂಧರ ಶಾಲೆಗಳಲ್ಲಿ ಮಕ್ಕಳ ಬಾಯಿಗೆ ನೋಟದ ವಿಶೇಷಣಗಳನ್ನು ತುಂಬುತ್ತಿದ್ದುದನ್ನು ಕಂಡು ಕೆರಳಿದ. 1933ರ ಅವನ ಪುಸ್ತಕದಲ್ಲಿ ಆ ಸಿಟ್ಟು ದಾಖಲಾಗಿದೆ. ಮಗುವಿನ ಮೂಗು, ಬೆರಳು, ಕಿವಿ ಕಂಡುಕೊಂಡದ್ದಕ್ಕೆ ಬೆಲೆ ಕೊಡದೆ ಕಣ್ಣಿರುವವರ ಮಾತನ್ನು ಗಿಳಿಪಾಠ ಮಾಡಿಸುವ ಮೇಷ್ಟ್ರುಗಳ ಮೇಲಿನ ಅವನ ಕೋಪ ನ್ಯಾಯವಾದದ್ದೇ. ಆದರೆ ಅವನ ನಂತರ ಬಂದ ಅನೇಕರು ಮಗುವಿನ ಬಾಯಿಂದ 'ನೋಡು' ಎಂಬುದನ್ನೇ ಕಿತ್ತುಕೊಳ್ಳಲು ಹೊರಟರು. ಕೆಲ್ಲಿಯ ಅಂಗೈ ಅವರಿಗೆ ಉತ್ತರ.

ಕನ್ನಡದವರಿಗೆ ಈ ಹುಡುಗಿಯ ಮಾತು ಅರ್ಥವಾಗುವುದು ಕಷ್ಟವಲ್ಲ. ನಾವು ಸಾರಿನ ಉಪ್ಪು ನೋಡುತ್ತೇವೆ. ಹೂವನ್ನು ಮೂಸಿ ನೋಡುತ್ತೇವೆ, ಜ್ವರವನ್ನು ಹಣೆ ಮುಟ್ಟಿ ನೋಡುತ್ತೇವೆ, ಹಾಡನ್ನು ಕೇಳಿ ನೋಡುತ್ತೇವೆ. ಐದು ಇಂದ್ರಿಯಗಳ ಬೆನ್ನಿಗೂ ನಿಲ್ಲುವ ಕ್ರಿಯಾಪದ ನಮ್ಮದು. ಧಾರವಾಡದಲ್ಲಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ದೃಷ್ಟಿಯಿಲ್ಲದ ಹಿರಿಯ ವಿದ್ಯಾರ್ಥಿಯೊಬ್ಬರಿದ್ದರು. ಕ್ರಿಕೆಟ್ಟಿನ ವೀಕ್ಷಕವಿವರಣೆ ಬಿಡದೆ ಕೇಳುತ್ತಿದ್ದರು. ಹೊಸದಾಗಿ ಬಂದ ಹುಡುಗನೊಬ್ಬ ಬೆಳಿಗ್ಗೆ, "ಅಣ್ಣಾ, ನಿನ್ನಿ ಮ್ಯಾಚ್ ನೋಡಿದ್ರಿ?" ಎಂದು ಕೇಳಿ, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು "ಅಲ್ಲ, ಕೇಳಿದ್ರಿ?" ಎಂದ. "ನೋಡೀನಿ ತಮ್ಮಾ, ಕಡೀ ಓವರ್ ತನಕಾ ನೋಡೀನಿ," ಎಂದರು ಅವರು. ಆ ಸೌಜನ್ಯದ ತಿದ್ದುಪಡಿ ಅವರಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಆಟದ ಬಗ್ಗೆ ಹರಟುವ ಜೊತೆಗಾರ.

ಅಂಥವರಿಂದ ಮಾತನ್ನು ಕಿತ್ತುಕೊಳ್ಳದಿದ್ದರೆ ಸಾಲದು, ನೋಡುವ ಅವಕಾಶವನ್ನೂ ಕೊಡಬೇಕು. ಬೇಲೂರು, ಹಳೇಬೀಡಿನ ಶಿಲ್ಪಗಳ ಮುಂದೆ ನಿಂತಾಗೆಲ್ಲ ನನಗೆ ಇದೇ ಯೋಚನೆ. ಬಳಪದ ಕಲ್ಲು ಮೆದು. ಆ ಮೆದುತನದಿಂದಲೇ ಬಳೆಯ ಅಂಚು, ಮಣಿಯ ಸಾಲು ಅಷ್ಟು ನವುರಾಗಿ ಮೂಡಿವೆ. ಸಾವಿರಾರು ಕೈ ತಾಗಿದರೆ ಅವು ಸವೆಯುತ್ತವೆ, ಹಾಗಾಗಿ ಮುಟ್ಟಬೇಡಿ ಎನ್ನುವುದು ಸರಿ. ಆದರೆ ಬೆರಳಿನಿಂದ ನೋಡುವವರಿಗೆ ಆ ಮಾತು ನೋಡಬೇಡಿ ಎಂದು ಹೇಳಿದಂತೆಯೇ. ಅದೇ ಅಳತೆಯ ಪ್ರತಿಕೃತಿಗಳನ್ನು ಅದೇ ಕಲ್ಲಿನಲ್ಲಿ ಕಡೆದು ಕೈಗೆಟುಕುವ ಎತ್ತರದಲ್ಲಿ ನಿಲ್ಲಿಸಬಹುದು. ಕಲ್ಲು ಕಡೆಯುವ ಕಸುಬುದಾರರು ನಮ್ಮಲ್ಲಿ ಇನ್ನೂ ಇದ್ದಾರೆ. ಪಕ್ಕದಲ್ಲಿ ಬ್ರೈಲ್ ಫಲಕವಿರಲಿ, ಮದನಿಕೆಯ ಕೈಯ ಕನ್ನಡಿಯನ್ನು ಬೆರಳಿಗೆ ಸಿಗುವಂತೆ ಬಿಡಿಸಿ ಕಡೆದಿರಲಿ, ನೋಡಿ ಮುಗಿಸಲು ಬೇಕಾದಷ್ಟು ಹೊತ್ತು ಅವರನ್ನು ಯಾರೂ ಮುಂದಕ್ಕೆ ಹೋಗಿ ಎಂದು ಅವಸರಪಡಿಸದಿರಲಿ.