ಒಡೆದ ಕೆನೆ

ರಜೆಗೆಂದು ದಾವಣಗೆರೆಗೆ ಬಂದ ಮೊಮ್ಮಗಳು ಕೆನೆ-ನಿಂಬೆಯ ಪಾಸ್ತಾ ಬೇಕೆಂದು ಹಟ ಹಿಡಿದಳು. ಬೆಣ್ಣೆದೋಸೆಯ ಊರಿನಲ್ಲಿ ಕೆನೆಗೇನು ಬರವೆ? ಪಾಸ್ತಾ ಎಂದರೆ ನಮ್ಮ ಶಾವಿಗೆಯ ದಾಯಾದಿ ತಾನೆ ಎಂದುಕೊಂಡು ನಾನೇ ಅಡಿಗೆಮನೆ ಹೊಕ್ಕೆ. ಕುದಿಯುವ ಹಾಲುಕೆನೆಗೆ ನಿಂಬೆ ಹಿಂಡಿದೆ. ಕಣ್ಣೆದುರೇ ಒಡೆಯಿತು.

ಇಂಥ ಸಂಕಟ ತೋಡಿಕೊಳ್ಳಲು ನನಗಿದ್ದವಳು ಹರಿಹರದ ಅಕ್ಕ ಒಬ್ಬಳೇ. ಇರುವುದು ಸುಮಾರು 14 ಕಿಲೋಮೀಟರಿನ ದಾರಿ. ಆದರೆ ಮನೆಯ ಪಾಲಿನ ಮಾತಿಗೆ ನಾವು ಮುನಿಸಿಕೊಂಡು ಎರಡು ವರ್ಷವಾಗಿತ್ತು. ಮೊಮ್ಮಗಳ ಸಪ್ಪೆ ಮೋರೆ ನೋಡಲಾರದೆ ಫೋನು ಮಾಡಿದೆ.

ಅಕ್ಕ ಕ್ಷೇಮಸಮಾಚಾರ ಕೇಳಲಿಲ್ಲ. "ಚಿತ್ರಾನ್ನಕ್ಕೆ ನಿಂಬೆ ಯಾವಾಗ ಹಿಂಡ್ತಾರೋ? ಒಲೆಯಿಂದ ಇಳಿಸಿದ ಮೇಲೆ ತಾನೆ? ಮಜ್ಜಿಗೆಹುಳಿಗೆ ಅವ್ವ ಕಡಲೆಬೇಳೆ ಯಾಕೆ ಅರೆದು ಹಾಕ್ತಿದ್ದಳು? ಒಡೀಬಾರದು ಅಂತ. ಪಾಸ್ತಾ ಬೇಯಿಸಿದ ಗಂಜಿನೀರು ಚೆಲ್ಲಬೇಡ. ಗಟ್ಟಿ ಕೆನೆಗೆ ಅದನ್ನೇ ಬೆರೆಸು. ಇಳಿಸು. ನಿಂಬೆ ಕೊನೆಗೆ."

ಹಾಗೆಯೇ ಮಾಡಿದೆ; ಒಡೆಯಲಿಲ್ಲ. ಮೊಮ್ಮಗಳು ತಟ್ಟೆ ಬಳಿದು ತಿಂದಳು. ಉಳಿದದ್ದನ್ನು ಡಬ್ಬಿಗೆ ತುಂಬಿಕೊಂಡು ಸಂಜೆಯ ಬಸ್ಸಿಗೆ ಇಬ್ಬರೂ ಹರಿಹರಕ್ಕೆ ಹೊರಟೆವು.

ಬಾಗಿಲು ತೆಗೆದ ಅಕ್ಕ ಒಂದು ಚಮಚ ಬಾಯಿಗಿಟ್ಟು, "ಉಪ್ಪು ಕಮ್ಮಿ" ಎಂದಳು. ಮನೆಯ ಪಾಲಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.