ನೀರಿನ ತೂಕ

ಕನ್ನಡ ಪಾಠ ಹೇಳುವವನ ಬಳಿಗೆ ವ್ಯಾನಿನ ವಿಚಾರ ಕೇಳಲು ಬರುವವರುಂಟೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಬೆಂಗಳೂರಿನ ಮನೆಗಳ ಗಾಜಿನ ಕಿಟಕಿ ತೊಳೆದು ಬದುಕುವ ಹಂಚಿಕೆ ಅವನದು. ತಾಯಿಯ ಬಳೆಗಳು ಆಗಲೇ ಗಿರವಿ ಸೇರಿದ್ದವು. "ಟಾಟಾ ಏಸ್ ಮೇಲೆ ಸಾವಿರ ಲೀಟರಿನ ಟ್ಯಾಂಕು ಕೂರಿಸ್ತೀನಿ ಸಾರ್" ಎಂದ.

ಲೀಟರು ನೀರೆಂದರೆ ಒಂದು ಕಿಲೋ. ಸಾವಿರ ಲೀಟರೆಂದರೆ ಒಂದು ಟನ್ನು. ಆ ಪುಟ್ಟ ಗಾಡಿ ಹೊರುವುದೋ ಮುಕ್ಕಾಲು ಟನ್ನು. ಏಣಿ, ಪಂಪು, ಕೊಳವೆ ಎಲ್ಲ ಅದರಲ್ಲೇ ಅಡಕವಾಗಬೇಕು. ಬ್ರೇಕು ಹಾಕಿದರೆ ಗಾಡಿ ನಿಂತೀತು, ಅರೆತುಂಬಿದ ಟ್ಯಾಂಕಿನ ನೀರು ನಿಂತೀತೆ? ತುಂಬಿದ ಕೊಡದ ಗಾದೆ ಕಟ್ಟಿದವರಿಗೆ ಭೌತಶಾಸ್ತ್ರ ಗೊತ್ತಿತ್ತು. ಕೊಳವೆಬಾವಿಯ ಗಡಸು ನೀರಾದರೆ ಗಾಜಿನ ಮೇಲೆ ಬಿಳಿ ಕಲೆ. ಲವಣ ತೆಗೆದ ನೀರಿಗೆ ದುಡ್ಡು ತೆರಬೇಕು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದು 2024ರ ಮಾರ್ಚಿಯಲ್ಲಿ ಜಲಮಂಡಳಿ ಸಾರಿದ ಊರು ಇದು.

"ದಿನಕ್ಕೆ ಎಷ್ಟು ಮನೆ, ಮನೆಗೆ ಎಷ್ಟು ಬಕೆಟ್ಟು, ಲೆಕ್ಕ ಹಾಕಯ್ಯ" ಎಂದೆ. ಬೆರಳು ಮಡಿಸಿದ. ಮುನ್ನೂರು ಲೀಟರು ದಾಟಲಿಲ್ಲ. ಮುಖ ಸಪ್ಪಗಾಯಿತು; ದೊಡ್ಡ ಟ್ಯಾಂಕಿನ ಮೇಲೆ ದೊಡ್ಡದಾಗಿ ಹೆಸರು ಬರೆಸುವ ಆಸೆಯಿತ್ತಂತೆ.

"ಗಾಡಿಗೆ ಎರಡು ಬಾಗಿಲಿವೆ, ಅಲ್ಲಿ ಬರೆಸು" ಎಂದೆ.

ಕೊನೆಗೆ ಕೊಂಡದ್ದು ಐನೂರು ಲೀಟರಿನದು.